ದಿನದ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಬೆಂಗಳೂರಿನವರು ಯಾವುದನ್ನು ಆರಿಸಬೇಕು?

ವಾರದ ಐದು ದಿನ ಹೊರವರ್ತುಲ ರಸ್ತೆಯಲ್ಲಿ ಒಂದನೇ ಮತ್ತು ಎರಡನೇ ಗೇರಿನಲ್ಲೇ ತೆವಳಬೇಕು. ಶನಿವಾರ ಬೆಳಗಿನ ಜಾವ ಮನೆ ಬಿಟ್ಟು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದೇ ಕಾರು ಮನಸ್ಸು ತುಂಬಿಸಬೇಕು. ಬೆಂಗಳೂರಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಹುಡುಕುವವರಲ್ಲಿ ಹೆಚ್ಚಿನವರು ಒಂದೇ ವಾಹನದಿಂದ ಬಯಸುವುದು ಈ ಎರಡನ್ನೂ. ಇದು ಸಾಧ್ಯವಿದೆ. ಆದರೆ ಹುಡುಕಾಟವನ್ನು ಎಂಜಿನ್ನಿನ ಶಕ್ತಿಯಿಂದ ಆರಂಭಿಸಿದವರು ಸಾಮಾನ್ಯವಾಗಿ ತಪ್ಪು ಕಾರಿನ ಮುಂದೆ ಹೋಗಿ ನಿಲ್ಲುತ್ತಾರೆ. ಮೊದಲು ನೋಡಬೇಕಾದದ್ದು ಗೇರ್‌ಬಾಕ್ಸ್, ಆಮೇಲೆ ಬಿಡಿಭಾಗಗಳು ಎಷ್ಟು ಸುಲಭವಾಗಿ ಸಿಗುತ್ತವೆ ಎಂಬುದು, ಆ ನಂತರ ಆ ಒಂದು ನಿರ್ದಿಷ್ಟ ಕಾರಿನ ಚರಿತ್ರೆ. ಅಶ್ವಶಕ್ತಿಯ ಮಾತು ಇವೆಲ್ಲ ಮುಗಿದ ಮೇಲೆ ಬರಬೇಕು.

ಇಲ್ಲಿ ‘ಸ್ಪೋರ್ಟ್ಸ್ ಕಾರು’ ಎಂಬ ಮಾತನ್ನು ತುಸು ಸಡಿಲವಾಗಿ ಬಳಸುತ್ತಿದ್ದೇನೆ. ಬೇರೆ ದೇಶಗಳಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರಗಳಾಗಿರುವ ಮಾಜ್ದಾ ಎಂಎಕ್ಸ್-5 ಮತ್ತು ಟೊಯೋಟಾ ಜಿಆರ್86 ಕಾರುಗಳನ್ನು ಆ ಕಂಪನಿಗಳು ಭಾರತದಲ್ಲಿ ಮಾರಲೇ ಇಲ್ಲ. ಹೀಗಾಗಿ ನಮ್ಮಲ್ಲಿ ಆ ಸ್ಥಾನವನ್ನು ತುಂಬಿದ್ದು ಟರ್ಬೊ ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕ್‌ಗಳು ಮತ್ತು ಒಂದೆರಡು ವೇಗದ ಸೆಡಾನ್‌ಗಳು. ಈ ಹೋಲಿಕೆಗೆ ನಾನು ಆರಿಸಿಕೊಂಡಿರುವುದು ನಾಲ್ಕು: ಫೋಕ್ಸ್‌ವ್ಯಾಗನ್ ಪೋಲೋದ ಟರ್ಬೊ ಪೆಟ್ರೋಲ್ ಮಾದರಿಗಳು, ಫಿಯೆಟ್ ಅಬಾರ್ಥ್ ಪುಂಟೊ, ಹ್ಯುಂಡೈ ಐ20 ಎನ್ ಲೈನ್ ಮತ್ತು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡೇ ಸೀಟಿನ ನಿಜವಾದ ಸ್ಪೋರ್ಟ್ಸ್ ಕಾರುಗಳ ವಿಷಯವನ್ನು ಕೊನೆಯಲ್ಲಿ ಚಿಕ್ಕದಾಗಿ ಹೇಳುತ್ತೇನೆ.

ಗೇರ್‌ಬಾಕ್ಸ್ ಏಕೆ ಮೊದಲು

ಈ ಕಾರುಗಳಲ್ಲಿ ಹಲವಕ್ಕೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದೆ. ಸಾಮಾನ್ಯ ಆಟೋಮ್ಯಾಟಿಕ್‌ಗಿಂತ ಇದರ ರಚನೆ ಬೇರೆ. ಇದರೊಳಗೆ ಎರಡು ಕ್ಲಚ್‌ಗಳಿದ್ದು, ಒಂದು ಬೆಸಸಂಖ್ಯೆಯ ಗೇರುಗಳನ್ನೂ ಮತ್ತೊಂದು ಸಮಸಂಖ್ಯೆಯ ಗೇರುಗಳನ್ನೂ ನೋಡಿಕೊಳ್ಳುತ್ತದೆ. ಒಂದು ಗೇರಿನಲ್ಲಿ ಕಾರು ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಖಾಲಿ ರಸ್ತೆಯಲ್ಲಿ ಇದರಷ್ಟು ಸುಖ ಕೊಡುವ ಗೇರ್‌ಬಾಕ್ಸ್ ಇನ್ನೊಂದಿಲ್ಲ.

ತೊಂದರೆ ಇರುವುದು ತೆವಳುವ ಟ್ರಾಫಿಕ್ಕಿನಲ್ಲಿ. ಈ ಕ್ಲಚ್‌ಗಳಲ್ಲಿ ಎಣ್ಣೆಯಲ್ಲಿ ಮುಳುಗಿರುವ ಬಗೆ ಒಂದು, ಎಣ್ಣೆಯಿಲ್ಲದ ಒಣ ಬಗೆ ಇನ್ನೊಂದು. ಮುಂದಿನ ಬಸ್ಸು ಎರಡಡಿ ಸರಿದಾಗ ನಾವೂ ಎರಡಡಿ ಸರಿಯುತ್ತೇವೆ. ಅಷ್ಟು ನಿಧಾನದ ಚಲನೆಗೆ ಕ್ಲಚ್ ಪೂರ್ತಿ ಹಿಡಿಯುವಂತಿಲ್ಲ, ಅರ್ಧ ಹಿಡಿದು ಉಜ್ಜಿಕೊಂಡೇ ಕಾರನ್ನು ಎಳೆಯಬೇಕು. ಹಾಗೆ ಉಜ್ಜಿದಾಗ ಹುಟ್ಟುವ ಶಾಖವನ್ನು ಮೊದಲ ಬಗೆಯಲ್ಲಿ ಎಣ್ಣೆ ಹೊತ್ತೊಯ್ಯುತ್ತದೆ, ಎರಡನೆಯದರಲ್ಲಿ ಅದು ಕ್ಲಚ್‌ನಲ್ಲೇ ಉಳಿಯುತ್ತದೆ. ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿಗೆ ದಿನಕ್ಕೆರಡು ಸಲ ಹೋಗಿಬರುವ ಕಾರಿನ ಒಣ ಕ್ಲಚ್, ಮೈಸೂರಿನಲ್ಲಿ ಅಷ್ಟೇ ಕಿಲೋಮೀಟರ್ ಓಡಿದ ಕಾರಿನ ಕ್ಲಚ್‌ಗಿಂತ ಬಹಳ ಬೇಗ ಸವೆಯುತ್ತದೆ. ಆದ್ದರಿಂದ ಡ್ಯುಯಲ್ ಕ್ಲಚ್ ಕಾರಿನ ಮಟ್ಟಿಗೆ ಮೀಟರ್ ತೋರಿಸುವ ಕಿಲೋಮೀಟರ್‌ಗಿಂತ ಆ ಕಿಲೋಮೀಟರ್‌ಗಳು ಎಲ್ಲಿ ಓಡಿದವು ಎಂಬುದು ಮುಖ್ಯ. ಮಾಲೀಕರ ಮನೆ ಎಲ್ಲಿ, ಆಫೀಸು ಎಲ್ಲಿ ಎಂದು ನಾನು ತಪ್ಪದೆ ಕೇಳುತ್ತೇನೆ.

ಪೋಲೋ: ಒಂದೇ ಹೆಸರಿನಲ್ಲಿ ಎರಡು ಕಾರು

2013ರಲ್ಲಿ ಸುಮಾರು 8 ಲಕ್ಷ ರೂಪಾಯಿ ಬೆಲೆಗೆ ಬಂದ ಪೋಲೋ ಜಿಟಿ ಟಿಎಸ್‌ಐ, ಸಾಧಾರಣ ಸಂಬಳದವರಿಗೆ ವೇಗದ ರುಚಿ ಹತ್ತಿಸಿದ ಕಾರು. 1.2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್, 105 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, 175 ಎನ್‌ಎಂ ಟಾರ್ಕ್ (ಎಂಜಿನ್ ಎಳೆಯುವ ಬಲ), ಜೊತೆಗೆ ಏಳು ಗೇರುಗಳ ಡಿಎಸ್‌ಜಿ, ಅಂದರೆ ಫೋಕ್ಸ್‌ವ್ಯಾಗನ್ ಬಳಗದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಡಿಕ್ಯೂ200 ಎಂದು ಕರೆಯುವ ಈ ಡಿಎಸ್‌ಜಿ ಒಣ ಕ್ಲಚ್‌ನದು. ಇದರ ದೌರ್ಬಲ್ಯ ಜಗತ್ತಿಗೆಲ್ಲ ಗೊತ್ತಿರುವಂಥದ್ದು: ಕ್ಲಚ್ ಸವೆಯುವುದರ ಜೊತೆಗೆ, ಗೇರುಗಳನ್ನು ಬದಲಿಸುವ ಮೆಕಾಟ್ರಾನಿಕ್ ಎಂಬ ಘಟಕವೂ ಕೈಕೊಡುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರಗಳು ಮಿಣುಕತೊಡಗುತ್ತವೆ, ಬೆಸ ಗೇರುಗಳೋ ಸಮ ಗೇರುಗಳೋ ಒಟ್ಟಾಗಿ ಮಾಯವಾಗುತ್ತವೆ, ಕೆಲವೊಮ್ಮೆ ಕಾರು ನಡುರಸ್ತೆಯಲ್ಲೇ ನಿಲ್ಲುತ್ತದೆ. ಅದನ್ನು ಬದಲಿಸುವ ಖರ್ಚು ಇಷ್ಟು ಹಳೆಯ ಕಾರಿನ ಬೆಲೆಗೆ ಹೋಲಿಸಿದರೆ ಸಣ್ಣದಲ್ಲ. ಈ ಕಾರನ್ನು ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ. ಮೆಕಾಟ್ರಾನಿಕ್ ಮತ್ತು ಕ್ಲಚ್ ಎರಡನ್ನೂ ಈಗಾಗಲೇ ಬದಲಿಸಿ ಬಿಲ್ ಇಟ್ಟುಕೊಂಡಿರುವ ಮಾಲೀಕರು ಸಿಕ್ಕರೆ, ಅದು ಏನೂ ಕೆಡದ ಕಾರಿಗಿಂತ ಒಳ್ಳೆಯ ವ್ಯವಹಾರ.

2020ರಲ್ಲಿ ಬಿಎಸ್6 ಎಂಬ ಹೊಗೆ ಮಾಲಿನ್ಯದ ನಿಯಮದೊಂದಿಗೆ ಬಂದದ್ದು ಬೇರೆಯೇ ಕಾರು ಎನ್ನಬೇಕು. ಎಂಜಿನ್ 1.0 ಲೀಟರಿನ ಮೂರು ಸಿಲಿಂಡರ್‌ಗೆ ಇಳಿಯಿತು, ಶಕ್ತಿ 110 ಪಿಎಸ್‌ಗೆ ಏರಿತು, ಒಣ ಕ್ಲಚ್ಚಿನ ಡಿಎಸ್‌ಜಿ ಹೋಗಿ ಆರು ಗೇರುಗಳ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಬಂತು. ಇದರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೆಲಸ ಮಾಡುವುದು ದ್ರವ. ಗಂಟೆಗಟ್ಟಲೆ ತೆವಳಿದರೂ ಅದಕ್ಕೆ ಬೇಸರವಿಲ್ಲ. ಮ್ಯಾನುಯಲ್ ಬೇಕಾದವರು ಜಿಟಿ ಎಂಬ ಹೆಸರನ್ನು ಬಿಟ್ಟು, ಅದೇ ಎಂಜಿನ್ನಿಗೆ ಆರು ಗೇರುಗಳ ಮ್ಯಾನುಯಲ್ ಇರುವ ಹೈಲೈನ್ ಪ್ಲಸ್ ಹುಡುಕಬೇಕು. ನಾಲ್ಕು ಸಿಲಿಂಡರಿನ ನಯ ಇದಕ್ಕಿಲ್ಲ, ನಿಂತಲ್ಲಿ ಸಣ್ಣ ನಡುಕವಿರುತ್ತದೆ. ಆದರೆ ಗಂಟೆಗೆ ನೂರು ಕಿಲೋಮೀಟರಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುವ ಪೋಲೋದ ಗುಣ ಹಾಗೆಯೇ ಉಳಿದಿದೆ. 2022ರಲ್ಲಿ ಪೋಲೋದ ಉತ್ಪಾದನೆ ನಿಂತಿದ್ದರೂ ಚಾಕಣದ ಕಾರ್ಖಾನೆಯಿಂದ ವರ್ಷಗಳ ಕಾಲ ಹೊರಬಂದ ಕಾರು ಇದು. ಅಧಿಕೃತ ಸರ್ವಿಸ್ ಸೆಂಟರಿನ ಹೊರಗೂ ಇದನ್ನು ಚೆನ್ನಾಗಿ ಬಲ್ಲ ಮೆಕ್ಯಾನಿಕ್‌ಗಳು ಬೆಂಗಳೂರಿನಲ್ಲಿ ಸಾಕಷ್ಟಿದ್ದಾರೆ. ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಜಾಗ ಕಡಿಮೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ ಒಮ್ಮೆ ಕೂರಿಸಿ ನೋಡಿ.

ಅಬಾರ್ಥ್ ಪುಂಟೊ: ಮನಸ್ಸು ಹೇಳುವ ಕಾರು

2015ರ ಅಕ್ಟೋಬರಿನಲ್ಲಿ 9.95 ಲಕ್ಷ ರೂಪಾಯಿಗೆ ಬಂದ ಈ ಕಾರು ಇಂದಿಗೂ ನನಗೆ ಅಚ್ಚರಿ. 1.4 ಲೀಟರಿನ ಟಿ-ಜೆಟ್ ಎಂಜಿನ್, 145 ಅಶ್ವಶಕ್ತಿ, 212 ಎನ್‌ಎಂ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಐದು ಗೇರುಗಳ ಮ್ಯಾನುಯಲ್. ಆ ಬೆಲೆಗೆ ಅಷ್ಟು ಶಕ್ತಿಯನ್ನು ಆಗ ಯಾರೂ ಕೊಡುತ್ತಿರಲಿಲ್ಲ. ಇದರ ಹೈಡ್ರಾಲಿಕ್ ಸ್ಟೀರಿಂಗ್ ಹಿಡಿದವರಿಗೆ, ರಸ್ತೆಯ ಒಂದೊಂದು ಗೆರೆಯೂ ಅಂಗೈಗೆ ತಿಳಿಯುವುದು ಎಂದರೇನೆಂದು ಅರ್ಥವಾಗುತ್ತದೆ. ವಿದ್ಯುತ್ ಸ್ಟೀರಿಂಗ್‌ನ ಈ ಕಾಲದಲ್ಲಿ ಆ ಅನುಭವ ಅಪರೂಪ. ಟರ್ಬೊ ಒಮ್ಮೆಲೇ ಎಳೆಯತೊಡಗಿದಾಗ ಮುಂದಿನ ಚಕ್ರಗಳು ಸ್ವಲ್ಪ ಅತ್ತಿತ್ತ ಎಳೆದಾಡುತ್ತವೆ. ಅದಕ್ಕೆ ಎರಡೂ ಕೈ ಸ್ಟೀರಿಂಗ್ ಮೇಲಿರಬೇಕು.

ಎಂಜಿನ್ ಗಟ್ಟಿ. ವಾಲ್ವ್‌ಗಳನ್ನು ಪಿಸ್ಟನ್‌ಗಳ ತಾಳಕ್ಕೆ ಕುಣಿಸುವ ಅದರ ಟೈಮಿಂಗ್ ಬೆಲ್ಟ್ ರಬ್ಬರಿನದು. ಹತ್ತು ವರ್ಷ ಹಳೆಯ ಕಾರು ಮೂವತ್ತೇ ಸಾವಿರ ಕಿಲೋಮೀಟರ್ ಓಡಿದ್ದರೂ ಬೆಲ್ಟಿಗೆ ಹತ್ತು ವರ್ಷ ವಯಸ್ಸಾಗಿರುತ್ತದೆ. ಬದಲಿಸಿದ ಬಿಲ್ ಇಲ್ಲದಿದ್ದರೆ ಕೊಂಡ ವಾರದಲ್ಲೇ ಬದಲಿಸಿ. ಅದು ಕಡಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಬಿಚ್ಚಬೇಕಾಗಬಹುದು.

ದಿನದ ಕಾರಾಗಿ ಇದನ್ನು ಆರಿಸಲು ನನ್ನ ಹಿಂಜರಿಕೆ ಬಿಡಿಭಾಗಗಳದ್ದು. ಭಾರತದಲ್ಲಿ ಫಿಯೆಟ್ ಕಾರುಗಳ ಮಾರಾಟ ನಿಂತು ವರ್ಷಗಳಾದವು. ಸಾಮಾನ್ಯ ಪುಂಟೊ ಮತ್ತು ಫಿಯೆಟ್‌ನದೇ ಸೆಡಾನ್ ಆದ ಲೀನಿಯಾಗಳ ಜೊತೆ ಹಂಚಿಕೊಂಡ ಭಾಗಗಳು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ. ಅಬಾರ್ಥ್‌ಗೆಂದೇ ಇರುವ ಭಾಗಕ್ಕೆ ವಾರಗಟ್ಟಲೆ ಕಾಯಬೇಕು. ಮನೆಯಲ್ಲಿ ಇನ್ನೊಂದು ವಾಹನವಿದ್ದು, ಕಾಯುವ ತಾಳ್ಮೆಯೂ ಇರುವವರು ಇದನ್ನು ಕಣ್ಣುಮುಚ್ಚಿ ಪ್ರೀತಿಸಬಹುದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿರಲೇಬೇಕಾದವರಿಗೆ, ಇರುವುದು ಒಂದೇ ಕಾರು ಎಂದಾದರೆ, ನಾನು ಇದನ್ನು ಹೇಳಲಾರೆ. ನೆಲದಿಂದ 155 ಮಿ.ಮೀ. ಎತ್ತರದಲ್ಲಿರುವ ಇದರ ಹೊಟ್ಟೆ ನಮ್ಮ ಬಡಾವಣೆಗಳ ಹಂಪ್‌ಗಳಿಗೆ ತಗಲುತ್ತದೆ ಎಂಬುದನ್ನೂ ನೆನಪಿಡಬೇಕು.

ಐ20 ಎನ್ ಲೈನ್: ತಲೆ ಹೇಳುವ ಕಾರು

2021ರಲ್ಲಿ ಬಂದ ಎನ್ ಲೈನ್‌ನದು 1.0 ಲೀಟರ್ ಟರ್ಬೊ, 120 ಪಿಎಸ್, 172 ಎನ್‌ಎಂ. ಅಂಕಿಗಳಲ್ಲಿ ಅಬಾರ್ಥ್‌ಗಿಂತ ಹಿಂದೆ, ಸ್ಟೀರಿಂಗ್‌ನ ಮಾತುಗಾರಿಕೆಯಲ್ಲಿ ಇನ್ನೂ ಹಿಂದೆ. ಸಾಮಾನ್ಯ ಐ20ಗಿಂತ ಸಸ್ಪೆನ್ಷನ್ ಬಿಗಿ, ಸೈಲೆನ್ಸರ್‌ನ ದನಿ ತುಸು ಗಡಸು, ನಾಲ್ಕೂ ಕಡೆ ಡಿಸ್ಕ್ ಬ್ರೇಕ್. ಅಂಥ ರೋಮಾಂಚನವೇನೂ ಇಲ್ಲ ಎನ್ನುವವರಿದ್ದಾರೆ, ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ಒಂದೇ ಕಾರಿಟ್ಟುಕೊಂಡವರಿಗೆ ಈ ನಾಲ್ಕರಲ್ಲಿ ನನ್ನ ಮೊದಲ ಸಲಹೆ ಇದೇ. ಊರಿಗೊಂದು ಸರ್ವಿಸ್ ಸೆಂಟರ್ ಇದೆ. ಹಾಸನದಲ್ಲಿ ಕೆಟ್ಟರೆ ಹಾಸನದಲ್ಲೇ ರಿಪೇರಿಯಾಗುತ್ತದೆ. ವಯಸ್ಸು ಕಡಿಮೆಯಿರುವುದರಿಂದ ಸರ್ವಿಸ್ ಚರಿತ್ರೆಯನ್ನು ಪೂರ್ತಿಯಾಗಿ ತೆಗೆಸಿ ನೋಡಲು ಸಾಧ್ಯ.

ಇಲ್ಲಿಯೂ ಗೇರ್‌ಬಾಕ್ಸ್ ನೋಡಿಯೇ ಆರಿಸಬೇಕು. ಏಳು ಗೇರುಗಳ ಡಿಸಿಟಿಯೂ (ಇದೂ ಡ್ಯುಯಲ್ ಕ್ಲಚ್) ಒಣ ಕ್ಲಚ್‌ನದೇ. ಮೊದಲ ಎರಡು ವರ್ಷ ಇದರ ಜೊತೆಗಿದ್ದದ್ದು ಐಎಂಟಿ. ಅದರಲ್ಲಿ ಗೇರ್ ಕೈಯಿಂದ ಬದಲಿಸಬೇಕು, ಕ್ಲಚ್ ಪೆಡಲ್ ಇರುವುದಿಲ್ಲ. ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಸುಖ, ಘಾಟಿಯಲ್ಲಿ ಮಾತ್ರ ಕ್ಲಚ್ ನಮ್ಮ ಕೈಮೀರಿದ್ದು ಎಂಬ ಭಾವನೆ ಕಾಡುತ್ತದೆ. 2023ರ ಪರಿಷ್ಕೃತ ಮಾದರಿಯಲ್ಲಿ ಐಎಂಟಿ ಹೋಗಿ ಆರು ಗೇರುಗಳ ನಿಜವಾದ ಮ್ಯಾನುಯಲ್ ಬಂತು. ನನ್ನ ಹಣವಾದರೆ ಅದಕ್ಕೇ.

ಆಕ್ಟೇವಿಯಾ ಆರ್‌ಎಸ್: ಹಣ ಎರಡು ಸಲ ಕೇಳುವ ಕಾರು

2017ರಲ್ಲಿ ಸುಮಾರು 24.6 ಲಕ್ಷಕ್ಕೆ ಬಂದ ಆರ್‌ಎಸ್ 230, ಎರಡು ಲೀಟರಿನ ಟರ್ಬೊ ಎಂಜಿನ್ನಿನಿಂದ 230 ಪಿಎಸ್ ಮತ್ತು 350 ಎನ್‌ಎಂ ಕೊಡುತ್ತದೆ. ಸೂಟ್‌ಕೇಸುಗಳ ಸಮೇತ ಇಡೀ ಕುಟುಂಬವನ್ನು ಹೊತ್ತು, ಬಹುತೇಕ ದುಬಾರಿ ಕಾರುಗಳನ್ನು ಹಿಂದೆ ಹಾಕಬಲ್ಲದು. ಡಿಕ್ಕಿಯಲ್ಲೇ 590 ಲೀಟರ್ ಜಾಗವಿದೆ. 2020ರ ಆರ್‌ಎಸ್ 245 ಕೇವಲ 200 ಬಂದವು, 35.99 ಲಕ್ಷ ರೂಪಾಯಿಗೆ. ಇವೆರಡರ ಡಿಎಸ್‌ಜಿಗಳೂ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನವು. ಪೋಲೋದ ಹಳೆಯ ಡಿಎಸ್‌ಜಿಯ ಕುಖ್ಯಾತಿಯನ್ನು ಇವಕ್ಕೆ ಅಂಟಿಸುವುದು ಅನ್ಯಾಯ. ಆದರೆ ಆ ಎಣ್ಣೆಯನ್ನೂ ಫಿಲ್ಟರನ್ನೂ ಕಾಲಕಾಲಕ್ಕೆ ಬದಲಿಸಲೇಬೇಕು. 230ರ ಆರು ಗೇರುಗಳ ಬಾಕ್ಸಿಗೆ ಇದು 60,000 ಕಿಲೋಮೀಟರಿಗೊಮ್ಮೆ. ಆ ಬಿಲ್ ಇಲ್ಲದ 80,000 ಕಿಲೋಮೀಟರಿನ ಆರ್‌ಎಸ್ ಎಷ್ಟೇ ಹೊಳೆಯುತ್ತಿದ್ದರೂ ನಾನು ಮುಂದುವರಿಯುವುದಿಲ್ಲ.

ಬಾನೆಟ್ ತೆಗೆದಾಗ ಮೊದಲು ಕೂಲೆಂಟ್ ನೋಡಿ. ಈ ಎಂಜಿನ್ ಕುಟುಂಬದಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಕವಚ ಸೋರುವುದು ಸಾಮಾನ್ಯ. ಟಾರ್ಚ್ ಹಿಡಿದು ಎಂಜಿನ್ನಿನ ಪಕ್ಕದ ಸಂದಿಗಳಲ್ಲಿ ನೋಡಿದರೆ, ಒಣಗಿದ ಕೂಲೆಂಟ್ ನಸುಗುಲಾಬಿ ಬಣ್ಣದ ಉಪ್ಪಿನ ಹಾಗೆ ಹರಳುಗಟ್ಟಿರುವುದು ಕಾಣುತ್ತದೆ. ಟೈರುಗಳ ಬದಿಗೋಡೆಯನ್ನು ಒಳಭಾಗದಲ್ಲೂ ಕೈಯಾಡಿಸಿ ನೋಡಬೇಕು. ಈ ಕಾರಿನ ತೆಳು ಟೈರು ಗುಂಡಿಗೆ ಬಿದ್ದರೆ ಅಲ್ಲಿ ಬೋರೆಹಣ್ಣಿನಷ್ಟು ಉಬ್ಬುತ್ತದೆ. ಕೊಳ್ಳುವ ಬೆಲೆಯ ಮೇಲೆ ಮೊದಲ ವರ್ಷದ ಬ್ರೇಕ್, ಟೈರು, ಎಣ್ಣೆಗಳಿಗೆಂದು ಬೇರೆಯೇ ಹಣ ತೆಗೆದಿಡಬಲ್ಲವರಿಗೆ ಇದು ಈ ಹೋಲಿಕೆಯ ಅತ್ಯುತ್ತಮ ಕಾರು. ಇರುವುದನ್ನೆಲ್ಲ ಕೊಳ್ಳುವುದಕ್ಕೇ ಸುರಿಯುವವರು ಐ20ಯಲ್ಲಿ ಹೆಚ್ಚು ನೆಮ್ಮದಿಯಿಂದಿರುತ್ತಾರೆ.

ಎರಡು ಸೀಟಿನ ಬಿಎಂಡಬ್ಲ್ಯು ಝೆಡ್4, ಪೋರ್ಷೆ ಬಾಕ್ಸ್‌ಸ್ಟರ್‌ಗಳು ದಿನದ ಓಡಾಟಕ್ಕೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನೆಲಮಾಳಿಗೆಯ ಪಾರ್ಕಿಂಗ್‌ನ ಇಳಿಜಾರು, ಹಂಪ್, ಮಳೆಗಾಲದ ನೀರು ಇವು ಮೂರೂ ಅವಕ್ಕೆ ಶತ್ರುಗಳು. ಆಸೆ ಬಿಡಲಾರದವರು ಬಾಕ್ಸ್‌ಸ್ಟರ್‌ನಲ್ಲಿ 2009ರ ನಂತರದ ಎಂಜಿನ್ನನ್ನೇ ಹುಡುಕಲಿ. ಅದಕ್ಕೂ ಹಿಂದಿನ ಎಂಜಿನ್‌ಗಳಿಗೆ ಹೆದರಿಕೆ ತಂದ, ಕೈಕೊಟ್ಟರೆ ಎಂಜಿನ್ನನ್ನೇ ಕೆಡಿಸಬಲ್ಲ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಎಂಬ ಒಳಭಾಗ ಹೊಸ ವಿನ್ಯಾಸದಲ್ಲಿ ಇಲ್ಲ.

ಕಾರಿನ ಮುಂದೆ ನಿಂತಾಗ

ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಕಾರನ್ನು ನೋಡಲು ಹೋದ ದಿನ, ಮಾರುವವರು ನಾವು ಬರುವ ಮೊದಲೇ ಎಂಜಿನ್ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರು. ಬಾನೆಟ್ ಮುಟ್ಟಿದಾಗ ಬೆಚ್ಚಗಿತ್ತು. ಅದರ ಅರ್ಥ ನನಗಾಗ ಹೊಳೆಯಲಿಲ್ಲ. ಮನೆಗೆ ತಂದ ಮೊದಲ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ಹೊಗೆ ಎದ್ದು ಪಕ್ಕದ ಮನೆಯ ಗೇಟಿನವರೆಗೂ ಹಬ್ಬಿತು. ರಾತ್ರಿಯಿಡೀ ಸಿಲಿಂಡರಿಗೆ ಜಿನುಗಿದ ಎಣ್ಣೆ ಉರಿಯುತ್ತಿದ್ದ ಹೊಗೆ ಅದು. ಎಂಜಿನ್ ಬಿಸಿಯಾದ ಮೇಲೆ ಅದು ಕಾಣುತ್ತಲೇ ಇರಲಿಲ್ಲ. ಅಂದಿನಿಂದ ಕಾರು ನೋಡಲು ಬೆಳಿಗ್ಗೆ ಏಳಕ್ಕೇ ಹೋಗುತ್ತೇನೆ, ‘ದಯವಿಟ್ಟು ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿರುತ್ತೇನೆ, ಮತ್ತು ಮಾತಿಗೆ ಮುನ್ನ ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ.

ಓಡಿಸಿ ನೋಡುವಾಗ ಖಾಲಿ ರಸ್ತೆಯಲ್ಲಿ ವೇಗ ಹೆಚ್ಚಿಸುವುದರಿಂದ ತಿಳಿಯುವುದು ಕಡಿಮೆ. ಅಪಾರ್ಟ್‌ಮೆಂಟಿನ ಇಳಿಜಾರನ್ನು ನಿಧಾನವಾಗಿ ಹತ್ತಿಸಿ, ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ, ಅದೇ ಇಳಿಜಾರಿನಲ್ಲಿ ರಿವರ್ಸ್ ಹತ್ತಿಸಿ. ಡ್ಯುಯಲ್ ಕ್ಲಚ್ ಸವೆದಿದ್ದರೆ ಇಲ್ಲಿ ಇಡೀ ಕಾರು ಥರಥರ ಅದುರುತ್ತದೆ. ಎರಡನೇ ಗೇರಿನಿಂದ ಒಂದಕ್ಕೆ ಇಳಿಯುವಾಗ ಯಾರೋ ಹಿಂದಿನಿಂದ ತಳ್ಳಿದಂತಾದರೂ ಅದೇ ಸೂಚನೆ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಬಿಸಿಯಾದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಬೇಕು.

ಇಂಥ ಕಾರುಗಳಲ್ಲಿ ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರನ್ನು ತಿದ್ದಿಸಿ, ಶಕ್ತಿ ಹೆಚ್ಚಿಸಿಕೊಂಡು, ಮಾರುವ ಮೊದಲು ಹಳೆಯ ಸಾಫ್ಟ್‌ವೇರ್‌ಗೆ ಮರಳಿಸುವುದು ಸಾಮಾನ್ಯ. ಡಿಕ್ಯೂ200 ಗೇರ್‌ಬಾಕ್ಸ್ ರೂಪಿಸಿದ್ದೇ 250 ಎನ್‌ಎಂ ವರೆಗಿನ ಟಾರ್ಕಿಗೆ. ಆ ಮಿತಿಯ ಅಂಚಿನಲ್ಲಿ ವರ್ಷಗಟ್ಟಲೆ ದುಡಿದ ಬಾಕ್ಸ್ ನಿಮಗೆ ಬೇಡ. ಸ್ಕ್ಯಾನರ್ ಇರುವ, ಆ ಬ್ರ್ಯಾಂಡ್ ಬಲ್ಲ ಸ್ವತಂತ್ರ ಮೆಕ್ಯಾನಿಕ್‌ಗೆ ಹಣ ಕೊಟ್ಟು ಕರೆದುಕೊಂಡು ಹೋಗುವುದು ಇದಕ್ಕಾಗಿಯೇ. ಬೇರೆ ಬೇರೆ ಘಟಕಗಳಲ್ಲಿ ದಾಖಲಾಗಿರುವ ಕಿಲೋಮೀಟರ್‌ಗಳು ಮೀಟರಿನ ಅಂಕಿಗೆ ತಾಳೆಯಾಗುತ್ತವೆಯೇ ಎಂದೂ ಅವರು ಹೇಳಬಲ್ಲರು. ಟೈರಿನ ಮೇಲಿನ ನಾಲ್ಕಂಕಿಯನ್ನು ನೀವೇ ಓದಬಹುದು: 2319 ಎಂದರೆ 2019ರ 23ನೇ ವಾರ. ಹದಿನೆಂಟು ಸಾವಿರ ಕಿಲೋಮೀಟರ್ ಓಡಿದೆ ಎನ್ನುವ ಕಾರಿಗೆ ಆಗಲೇ ಎರಡನೇ ಜೊತೆ ಟೈರ್ ಬಿದ್ದಿದ್ದರೆ ಮೀಟರನ್ನು ನಂಬುವುದು ಕಷ್ಟ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಭಾಗಗಳಲ್ಲಿ ಮಳೆನೀರಿಗೆ ಕಾರುಗಳು ಮುಳುಗಿದ್ದನ್ನು ಮರೆಯಬಾರದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತೊಳೆದ ಕಾರಿನಲ್ಲೂ ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯ ವಾಸನೆ ಕೂಡ ಸಾಕ್ಷಿ ಹೇಳುತ್ತವೆ.

ಕಾಗದಪತ್ರಗಳು

ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ಇಲ್ಲಿಗೆ ಅಗ್ಗವಾಗಿ ಬರುತ್ತವೆ. ಬೆಲೆ ನೋಡಿ ಮರುಳಾಗುವ ಮುನ್ನ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಲೆಕ್ಕ ಹಾಕಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿರಿಸಿಕೊಳ್ಳುವ ಹೊರರಾಜ್ಯದ ಕಾರನ್ನು ಮರುನೋಂದಣಿ ಮಾಡಿಸಲೇಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು. ಆರ್‌ಎಸ್‌ನಂಥ ದುಬಾರಿ ಕಾರಿನಲ್ಲಿ ಈ ತೆರಿಗೆಯೇ ಉಳಿಸಿದ್ದನ್ನೆಲ್ಲ ನುಂಗಬಹುದು.

ಹಿಂದಿನ ವಿಮಾ ಪಾಲಿಸಿಯನ್ನು ಕೇಳಿ, ಅದರಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. 50 ಶೇಕಡಾ ಇದ್ದರೆ ಐದು ವರ್ಷ ಕ್ಲೇಮ್ ಆಗಿಲ್ಲ ಎಂದು ಅರ್ಥ, ಆದರೆ ಆ ಬೋನಸ್ ಕಾರಿನದಲ್ಲ, ಮಾಲೀಕರದು. ಹಳೆಯ ಕಾರಿನಿಂದ ಇದಕ್ಕೆ ತಂದಿರಲೂಬಹುದು. ಸೊನ್ನೆ ಇದ್ದರೆ, ಏನು ರಿಪೇರಿಯಾಯಿತು ಎಂಬ ಬಿಲ್ ಕೇಳುವ ಹಕ್ಕು ನಿಮಗಿದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವ ಕಾರಿಗೆ ಮೊದಲು ಫಾರ್ಮ್ 35 ಮೂಲಕ ಅದನ್ನು ತೆಗೆಸಬೇಕು. ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ ಬಿದ್ದ ಮೇಲೆಯೇ ಪೂರ್ತಿ ಹಣ ಕೊಡಿ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಗಾಜಿನ ಮೇಲಿನ ಹಳೆಯ ಫಾಸ್ಟ್ಯಾಗನ್ನು ಮಾರುವವರ ಎದುರಿಗೇ ಅವರಿಂದಲೇ ರದ್ದು ಮಾಡಿಸಿ, ಕಿತ್ತು ತೆಗೆದು, ಆಮೇಲೆ ಕೀಲಿ ತೆಗೆದುಕೊಳ್ಳಿ.